ಅಪ್ಪಯ್ಯ ಬಾಯಿ ತೆರೆದರೆ ರಾಜಕೀಯ, ಮನೆಯಲ್ಲಿ ಜಗಳ. ನಿಮ್ಮ ಅನುಭವ ಹೇಳಿ

ಕೇಳುತ್ತಿರುವುದು: ಹೊಸನಗರ ಕಡೆಯ ಮಗಳು, ಈಗ ಬೆಂಗಳೂರಿನಲ್ಲಿ

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಯ್ಯ ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾಗಿ ನಾಲ್ಕು ವರ್ಷ ಆಯಿತು. ಅಮ್ಮನ ಜೊತೆ ಊರಲ್ಲೇ ಇದ್ದಾರೆ. ಎರಡು ಎಕರೆ ಅಡಿಕೆ ತೋಟ ಇದೆ. ಆರೋಗ್ಯ ಚೆನ್ನಾಗಿದೆ. ತೊಂದರೆ ಬೇರೆ. ಬೆಳಿಗ್ಗೆ ಎದ್ದರೆ ರಾಜಕೀಯ. ಅದು ಮುಗಿದರೆ ಈಗಿನ ಹುಡುಗರ ಬಟ್ಟೆ, ಮದುವೆ, ಭಾಷೆ, ಮೊಬೈಲು. ಎಲ್ಲದರ ಮೇಲೂ ಸಿಟ್ಟು. ಈ ಸಲ ದೊಡ್ಡಹಬ್ಬಕ್ಕೆ ಎಲ್ಲರೂ ಸೇರಿದ್ದೆವು. ಊಟಕ್ಕೆ ಕೂತಾಗ ಚುನಾವಣೆಯ ಮಾತು ಬಂತು. ಅಪ್ಪಯ್ಯನಿಗೂ ಭಾವನಿಗೂ ಮಾತಿಗೆ ಮಾತು ಬೆಳೆಯಿತು. ಭಾವ ಹೋಳಿಗೆ ಎಲೆಯಲ್ಲೇ ಬಿಟ್ಟು ಎದ್ದು ಹೋದರು. ಅಕ್ಕ ಅಡುಗೆಮನೆಯಲ್ಲಿ ಅತ್ತಳು. ಅಪ್ಪಯ್ಯನನ್ನು ಸುಮ್ಮನಿರಿಸಲು ನನಗೆ ಇಷ್ಟವಿಲ್ಲ. ಅವರು ಹೇಳುವುದರಲ್ಲಿ ಎಷ್ಟೋ ಸತ್ಯ ಇರುತ್ತದೆ. ಆದರೆ ಹೀಗೇ ಆದರೆ ಮುಂದಿನ ಹಬ್ಬಕ್ಕೆ ಯಾರೂ ಬರುವುದಿಲ್ಲ. ಇಂಥವರು ನಿಮ್ಮ ಮನೆಯಲ್ಲಿ ಇದ್ದರೆ, ಅಥವಾ ನೀವೇ ಅಂಥವರಾಗಿದ್ದರೆ, ನೀವು ಏನು ಮಾಡಿದಿರಿ?

ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರು:

ಮಗಳೇ, ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ 2013ರಲ್ಲಿ ನಿವೃತ್ತನಾದವನು. ನಿನ್ನ ಅಪ್ಪಯ್ಯನ ಜಾಗದಲ್ಲಿ ನಾನೂ ಇದ್ದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನಮ್ಮ ಕಡೆ ಜನ ರಾಜಕೀಯ ಮಾತಾಡುವುದು ಇವತ್ತಿನದಲ್ಲ. ನಾನು ಚಿಕ್ಕವನಿದ್ದಾಗ ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಅದನ್ನು ಕೇಳುತ್ತಾ ಬೆಳೆದೆ. ಜಗಲಿಯ ಮೇಲೆ ಹತ್ತು ಹದಿನೈದು ಜನ ಕೂರುತ್ತಿದ್ದರು. ಒಬ್ಬೊಬ್ಬರ ಮುಂದೆ ಒಂದು ಮೆಟ್ಟುಗತ್ತಿ, ನಡುವೆ ಗ್ಯಾಸ್‌ಲೈಟು. ಹಸಿ ಅಡಿಕೆಯ ಕಲೆಗೆ ಬೆರಳೆಲ್ಲ ಕಪ್ಪು. ಮಕ್ಕಳಾದ ನಮಗೆ ಸಿಪ್ಪೆ ಬುಟ್ಟಿ ಹೊರುವ ಕೆಲಸ. ಒಬ್ಬರು ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಭಾಷಣದ ಬಗ್ಗೆ ಹೇಳುವರು. ಇನ್ನೊಬ್ಬರು ಕಾಗೋಡಿನ ಸತ್ಯಾಗ್ರಹ ಎತ್ತುವರು. 1951ರಲ್ಲಿ ಸಾಗರ ತಾಲ್ಲೂಕಿನ ಗೇಣಿದಾರರು ಎದ್ದು ನಿಂತದ್ದು ಒಂದು ಕೊಳಗಕ್ಕಾಗಿ. ಗೇಣಿ ಅಳೆದುಕೊಳ್ಳುವಾಗ ಒಡೆಯರು ತರುತ್ತಿದ್ದ ಕೊಳಗ ಅಳತೆಗಿಂತ ದೊಡ್ಡದು ಎಂಬುದೇ ಜಗಳದ ಮೂಲ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಷ್ಟು ದೂರದಿಂದ ಬಂದು ಇಲ್ಲಿ ಬಂಧನಕ್ಕೆ ಒಳಗಾದರು. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದುವ ಮೊದಲು ಜಗಲಿಯಲ್ಲಿ ಕೇಳಿದ್ದೆ.

ಆ ಜಗಲಿಯಲ್ಲಿ ಭೂಮಿ ಇದ್ದವರೂ ಇರುತ್ತಿದ್ದರು, ಗೇಣಿ ಮಾಡುವವರೂ ಇರುತ್ತಿದ್ದರು. ಜಗಳ ಆಗುತ್ತಿರಲಿಲ್ಲವಾ? ಜೋರಾಗಿಯೇ ಆಗುತ್ತಿತ್ತು. ಆದರೆ ಎದ್ದು ಹೋಗುವ ಹಾಗಿರಲಿಲ್ಲ. ಮುಯ್ಯಾಳು ಲೆಕ್ಕ. ಇವತ್ತು ಇವರ ಮನೆಯ ಸುಲಿತ, ನಾಳೆ ಅವರ ಮನೆಯದು. ಕೈ ಕೆಲಸ ಮಾಡುತ್ತಿತ್ತು, ಬಾಯಿ ಜಗಳ ಆಡುತ್ತಿತ್ತು. ನಡುರಾತ್ರಿಗೆ ಕಾಫಿ ಬಂದರೆ ಒಂದು ಘಳಿಗೆ ಎಲ್ಲರೂ ಸುಮ್ಮನೆ.

ಈಗ ಸುಲಿಯುವ ಯಂತ್ರ ಬಂದಿದೆ. ಬರಲೇಬೇಕಿತ್ತು, ಆಳು ಎಲ್ಲಿ ಸಿಗುತ್ತಾರೆ? ಆದರೆ ಜಗಲಿ ಖಾಲಿಯಾಯಿತು. ಮಾತು ಮಾತ್ರ ನಿಲ್ಲಲಿಲ್ಲ, ಮೊಬೈಲಿಗೆ ಹೋಯಿತು. ಅಲ್ಲಿ ಎದುರಿಗೆ ಕೂತು "ಅದು ಹಾಗಲ್ಲ ಮಾರಾಯ" ಅನ್ನುವವರು ಯಾರೂ ಇಲ್ಲ. ನಿನ್ನ ಅಪ್ಪಯ್ಯನ ಸಿಟ್ಟಿನ ಹಿಂದೆ ಇದೂ ಇದೆ ಎಂದು ನನಗೆ ಅನ್ನಿಸುತ್ತದೆ. ಮೂವತ್ತು ವರ್ಷ ಆಫೀಸಿನಲ್ಲಿ ಅವರ ಮಾತಿಗೆ ಬೆಲೆ ಇತ್ತು. ಒಂದು ದಿನ ಹಾರ ಹಾಕಿ ಕಳಿಸಿದರು. ಮಾರನೇ ದಿನದಿಂದ ಯಾರೂ ಏನೂ ಕೇಳುವುದಿಲ್ಲ.

ನಾನು ನನ್ನ ಅಭಿಪ್ರಾಯ ಬಿಟ್ಟಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮೊದಲ ಓಟು ಹಾಕಿದ್ದು 1977ರಲ್ಲಿ. ಆಗ ಓಟಿಗೆ 21 ತುಂಬಬೇಕಿತ್ತು. ತುರ್ತು ಪರಿಸ್ಥಿತಿ ನೋಡಿದ ಮೇಲೆ ಹಾಕಿದ ಓಟು ಅದು. ಅದರ ಬೆಲೆ ನನಗೆ ಗೊತ್ತು. ಹಾಗಾಗಿ ಓಟಿಗೆ ದುಡ್ಡು ಹಂಚುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. 1985ರಲ್ಲೇ ಪಕ್ಷಾಂತರ ನಿಷೇಧದ ಕಾನೂನು ಬಂತು. ಈಗ ರಾಜೀನಾಮೆ ಕೊಟ್ಟು, ಪಕ್ಷ ಬದಲಿಸಿ, ಅದೇ ಕ್ಷೇತ್ರದಲ್ಲಿ ಮತ್ತೆ ನಿಲ್ಲುತ್ತಾರೆ. ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಯಡಿಯೂರಪ್ಪ ನಮ್ಮ ಜಿಲ್ಲೆಯವರು. ಜೆ.ಎಚ್. ಪಟೇಲರ ಚನ್ನಗಿರಿಯೂ ದಾವಣಗೆರೆ ಜಿಲ್ಲೆ ಆಗುವ ಮೊದಲು ನಮ್ಮದೇ ಆಗಿತ್ತು. ನಾಲ್ಕು ಜನ ಮುಖ್ಯಮಂತ್ರಿಗಳಾದರು. ಆದರೂ ಮಳೆಗಾಲದಲ್ಲಿ ಅಡಿಕೆ ದಬ್ಬೆಯ ಸಂಕದ ಮೇಲೆ ಹಳ್ಳ ದಾಟಿ ಶಾಲೆಗೆ ಹೋಗುವ ಮಕ್ಕಳು ಇನ್ನೂ ಇದ್ದಾರೆ. ಇದನ್ನು ಹೇಳಬಾರದಾ? ಹೇಳಬೇಕು. ಜೋರಾಗಿ ಹೇಳಬೇಕು.

ನಾನು ತಪ್ಪಿದ್ದು ಬೇರೆ ಕಡೆ. ತಮ್ಮನ ಮಗಳ ಮದುವೆ ಗೊತ್ತಾಗಿತ್ತು. ಮದುವೆಗೆ ಮೊದಲೇ ಹುಡುಗ ಹುಡುಗಿ ಜೋಗದ ಕಡೆ ಹೋಗಿ ಫೋಟೋ, ವಿಡಿಯೋ ಮಾಡಿಸಿಕೊಂಡು ಬಂದರು. ನಾನು ಎಲ್ಲರ ಎದುರಿಗೇ ಶುರು ಮಾಡಿದೆ. "ನಮ್ಮ ಕಾಲದಲ್ಲಿ ಮದುವೆ ಅಂದರೆ ಮರ್ಯಾದೆ ಇತ್ತು, ಇದೆಲ್ಲ ಏನು ಆಟ?" ಅಂತ. ಅವಳು ಸಿಟ್ಟು ಮಾಡಲಿಲ್ಲ. ನಿಧಾನವಾಗಿ ಕೇಳಿದಳು. "ದೊಡ್ಡಪ್ಪ, ನಿಮ್ಮ ಮದುವೆಯಲ್ಲಿ ವರದಕ್ಷಿಣೆ ತಗೊಂಡಿದ್ರಾ?"

ತಗೊಂಡಿದ್ದೆ. 1980ರಲ್ಲಿ, ಐದು ಸಾವಿರ ರೂಪಾಯಿ ಮತ್ತು ಒಂದು ಎಚ್‌ಎಂಟಿ ವಾಚು. ವಾಚು ಈಗಲೂ ಕಪಾಟಿನಲ್ಲಿದೆ. ವರದಕ್ಷಿಣೆ ನಿಷೇಧದ ಕಾನೂನು 1961ರಲ್ಲೇ ಬಂದಿತ್ತು. ನಾನು ಮಕ್ಕಳಿಗೆ ಅದನ್ನೇ ಪಾಠ ಮಾಡುತ್ತಿದ್ದವನು. ಕುಪ್ಪಳಿ ನಮ್ಮ ತಾಲ್ಲೂಕಿನಲ್ಲೇ ಇದೆ. ಕುವೆಂಪು ಅವರು 1966ರಲ್ಲಿ ತಮ್ಮ ಮಗನ ಮದುವೆಯನ್ನೇ ಮಂತ್ರಮಾಂಗಲ್ಯದ ಪ್ರಕಾರ, ಆಡಂಬರ ಇಲ್ಲದೆ ಮಾಡಿದ್ದರು. ಅದೂ ಗೊತ್ತಿತ್ತು. ಹಿರಿಯರು ಮಾತಾಡಿ ಮುಗಿಸಿದ್ದಾರೆ ಎಂದು ಸುಮ್ಮನಿದ್ದೆ. ನನ್ನ ಮಾವ ಅದಕ್ಕೆ ಒಂದು ಗದ್ದೆ ಅಡ ಇಟ್ಟಿದ್ದರು ಎಂಬುದು ನನಗೆ ತಿಳಿದದ್ದು ಹತ್ತು ವರ್ಷ ಆದ ಮೇಲೆ.

ಈ ಹುಡುಗಿ ತನ್ನ ಸಂಬಳದಲ್ಲಿ ಮದುವೆ ಮಾಡಿಕೊಂಡಳು. ಗಂಡಿನ ಮನೆಗೆ ಒಂದು ರೂಪಾಯಿ ಕೊಡಲಿಲ್ಲ. ಡ್ರೋನ್ ಕ್ಯಾಮೆರಾ ಜಾಸ್ತಿ ಆಯಿತು ಎಂದು ನನಗೆ ಈಗಲೂ ಅನ್ನಿಸುತ್ತದೆ, ಅವಳಿಗೆ ಹೇಳಿಯೂ ಇದ್ದೇನೆ. ಆದರೆ ಅವತ್ತು ಸಂಜೆ ಆ ವಾಚು ತೆಗೆದು ಅವಳಿಗೆ ತೋರಿಸಿ, ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ನನ್ನ ಹೆಂಡತಿ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದಳು. ಆಗಿನಿಂದ "ನಮ್ಮ ಕಾಲದಲ್ಲಿ" ಎಂದು ಮಾತು ಶುರು ಮಾಡುವುದನ್ನು ಬಿಟ್ಟೆ. "ನಾನು ಆಗ ಹೀಗೆ ಮಾಡಿದೆ" ಎಂದು ಶುರು ಮಾಡುತ್ತೇನೆ. ಮನೆಯ ಹುಡುಗರು ಕೂತು ಕೇಳುತ್ತಾರೆ. ಮಧ್ಯೆ ಪ್ರಶ್ನೆಯನ್ನೂ ಕೇಳುತ್ತಾರೆ.

ಅಪ್ಪಯ್ಯನನ್ನು "ದೇಶ ಏನಾಗುತ್ತಿದೆ" ಎಂದು ಕೇಳಬೇಡ. ಅವರು ಕಟ್ಟಿಸಿದ ಮೊದಲ ಮೋರಿ ಯಾವುದು, ಕಂಟ್ರಾಕ್ಟುದಾರರ ಒತ್ತಡ ಹೇಗಿತ್ತು, ಸಹಿ ಹಾಕಲು ಒಪ್ಪದ ದಿನ ಏನಾಯಿತು, ಅದನ್ನು ಕೇಳು. ರಾಜಕೀಯ ಅದರಲ್ಲೇ ಇದೆ. ಮತ್ತೆ, ಊಟದ ಎಲೆಯ ಮುಂದೆ ಬೇಡ. ಕೈಗೆ ಕೆಲಸ ಇರುವಾಗ ಮಾತಾಡಿಸು.

ಶಿವಮೊಗ್ಗ, ವಿನೋಬನಗರದ ಹುಡುಗಿ:

ನನ್ನದು ಅಜ್ಜನ ಕಥೆ. ಊರಲ್ಲಿ ಸ್ವಲ್ಪ ಬಿಗುವು ಇದ್ದ ದಿನ. ಅಜ್ಜನ ಮೊಬೈಲಿಗೆ ಒಂದು ಗಲಾಟೆಯ ವಿಡಿಯೋ ಬಂತು. "ಇದು ನಮ್ಮ ಶಿವಮೊಗ್ಗ, ಎಲ್ಲರಿಗೂ ಕಳಿಸಿ" ಎಂದು ಬರೆದಿತ್ತು. ಅಜ್ಜ ಆಗಲೇ ಎರಡು ಗ್ರೂಪಿಗೆ ಕಳಿಸಿದ್ದರು. ನಾನು "ಸುಳ್ಳು" ಅನ್ನಲಿಲ್ಲ. ಹಾಗೆ ಅಂದರೆ ಅವರಿಗೆ ಹಠ ಬರುತ್ತದೆ. ವಿಡಿಯೋ ನಿಲ್ಲಿಸಿ, ದೊಡ್ಡದು ಮಾಡಿ, "ಅಜ್ಜ, ಈ ಅಂಗಡಿಯ ಬೋರ್ಡು ಓದಿ" ಅಂದೆ. ಕನ್ನಡಕ ಹಾಕಿಕೊಂಡು ನೋಡಿದರು. ಒಂದೂ ಕನ್ನಡ ಬೋರ್ಡು ಇಲ್ಲ. ಹಿಂದೆ ನಿಂತಿದ್ದ ಬಸ್ಸು ನಮ್ಮ ಕಡೆಯದಲ್ಲ. ಅಜ್ಜನ ಮುಖ ಇಳಿದುಹೋಯಿತು. ಆಮೇಲೆ ಅವರೇ ಆ ಎರಡು ಗ್ರೂಪಿಗೂ ಧ್ವನಿ ಸಂದೇಶ ಕಳಿಸಿದರು, "ನಾನು ಕಳಿಸಿದ್ದು ತಪ್ಪು, ಅದು ನಮ್ಮ ಊರಿನದಲ್ಲ" ಎಂದು. ಆ ದಿನ ಅಜ್ಜನ ಮೇಲೆ ನನಗೆ ಬಂದ ಗೌರವ ಹೇಳಲು ಆಗುವುದಿಲ್ಲ.

ಈಗ ಅವರಿಗೆ ಎರಡು ಬಾಣದ ಗುರುತು ತೋರಿಸಿಕೊಟ್ಟಿದ್ದೇನೆ. ಸಂದೇಶದ ಮೇಲೆ ಅದು ಇದ್ದರೆ ತುಂಬಾ ಸಲ ಕೈ ಬದಲಾಗಿ ಬಂದಿದೆ ಎಂದು ಅರ್ಥ. ಅಂಥದ್ದನ್ನು ಅಜ್ಜ ಮೊದಲು ನನಗೆ ಕಳಿಸುತ್ತಾರೆ. ಇಬ್ಬರೂ ಸೇರಿ ಬೋರ್ಡು ಓದುತ್ತೇವೆ.

ಸಾಗರದ ಸೊಸೆ:

ಎಲ್ಲರೂ ಹಿರಿಯರ ಮಾತು ಕೇಳಿ ಎನ್ನುತ್ತಿದ್ದೀರಿ. ನನಗೆ ಬೇರೆ ಮಾತು ಹೇಳಬೇಕಿದೆ. ಮಾವ ರಾಜಕೀಯ ಎಷ್ಟು ಬೇಕಾದರೂ ಮಾತಾಡಲಿ. ಆದರೆ ನನ್ನ ಬಟ್ಟೆ, ನನ್ನ ಮನೆಗೆ ಬರುವ ಗೆಳತಿಯ ಜಾತಿ, ಇದು ಚರ್ಚೆಯ ವಿಷಯವಲ್ಲ. ಮೂರು ವರ್ಷ ಸಹಿಸಿದೆ. ಒಂದು ದಿನ ಗೆಳತಿ ಅಂಗಳದಲ್ಲಿ ಚಪ್ಪಲಿ ಬಿಡುತ್ತಿದ್ದಾಗಲೇ ಒಳಗಿಂದ ಆ ಮಾತು ಬಂತು. ಅವಳಿಗೆ ಕೇಳಿಸಿತು. ಕಾಫಿ ಕುಡಿಯದೆ ಹೋದಳು.

ಅವತ್ತು ಹೇಳಿದೆ. "ಮಾವ, ನಿಮ್ಮ ಮೇಲೆ ನನಗೆ ಗೌರವ ಇದೆ. ಆದರೆ ಈ ಮಾತು ನನ್ನ ಎದುರಿಗೆ ಇನ್ನೊಮ್ಮೆ ಬರಬಾರದು." ಎರಡು ವಾರ ಮಾತು ಬಿಟ್ಟರು. ಅತ್ತೆ ನನ್ನ ಕಡೆ ನಿಂತರು. ಈಗ ಮಾತಾಡುತ್ತಾರೆ, ಆ ವಿಷಯ ಬಿಟ್ಟು. ಅಭಿಪ್ರಾಯಕ್ಕೂ ಅವಮಾನಕ್ಕೂ ವ್ಯತ್ಯಾಸ ಇದೆ, ಅಲ್ವಾ? ಒಂದನ್ನು ಕೇಳಬೇಕು, ಇನ್ನೊಂದನ್ನು ಅಲ್ಲೇ ತಡೆಯಬೇಕು.

ಇನ್ನೊಂದು. ಹೆಗ್ಗೋಡು ನಮಗೆ ಹತ್ತಿರ. ನೀನಾಸಂನಲ್ಲಿ ನಾಟಕ ಇದ್ದಾಗ ಮಾವನನ್ನು ಕರೆದುಕೊಂಡು ಹೋಗುತ್ತೇವೆ. ವಾಪಸ್ ಬರುವಾಗ ಕಾರಿನಲ್ಲಿ ಮಾತೆಲ್ಲ ನಾಟಕದ್ದೇ. ಅಲ್ಲಿ ಅವರು ಹೇಳುವುದನ್ನು ನಾನು ಮನಸ್ಸಿಟ್ಟು ಕೇಳುತ್ತೇನೆ.

ಸೊಸೆಯ ಮಾತಿಗೆ ಮೇಷ್ಟ್ರು:

ನೀವು ಮಾಡಿದ್ದು ಸರಿ ತಾಯಿ. ಮೂರು ವರ್ಷ ಕಾಯಬಾರದಿತ್ತು.

ರಿಪ್ಪನ್‌ಪೇಟೆ ಕಡೆಯ ಕೃಷಿಕ:

ಅಕ್ಕಾ, ನಿಮ್ಮ ಅಪ್ಪಯ್ಯನನ್ನು ಗ್ರಾಮಸಭೆಗೆ ಕಳಿಸಿ. ಇದು ನನ್ನ ಅನುಭವದ ಮಾತು. ಪಂಚಾಯತ್ ರಾಜ್ ಕಾಯ್ದೆ 1993ರಲ್ಲಿ ಬಂದದ್ದು, ಆರು ತಿಂಗಳಿಗೆ ಒಂದು ಸಲವಾದರೂ ಗ್ರಾಮಸಭೆ ಆಗಬೇಕು. ನಮ್ಮಲ್ಲಿ ಕೋರಂಗೆ ಜನ ಸಿಗುವುದೇ ಕಷ್ಟ. ಬಂದವರೂ ತಮ್ಮ ಮನೆಯ ವಿಷಯ ಕೇಳಿ ಹೋಗುತ್ತಾರೆ.

ನಮ್ಮ ದೊಡ್ಡಪ್ಪ ನಿವೃತ್ತರಾದ ಮೇಲೆ ನಿಮ್ಮ ಅಪ್ಪಯ್ಯನ ಹಾಗೇ ಇದ್ದರು. ಒಂದು ಸಲ ಒತ್ತಾಯ ಮಾಡಿ ಕರೆದುಕೊಂಡು ಹೋದೆ. ನಮ್ಮ ಕೇರಿಯ ಕಾಲುಸಂಕದ ಕೆಲಸ ಪಟ್ಟಿಯಲ್ಲಿ ಎರಡು ವರ್ಷದಿಂದ ಇತ್ತು, ಹಳ್ಳದ ಮೇಲೆ ಇರಲಿಲ್ಲ. ಕೇಳಿದರೆ ಸರಿಯಾದ ಉತ್ತರ ಬರಲಿಲ್ಲ. ದೊಡ್ಡಪ್ಪ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಅವರು ಗುಮಾಸ್ತರಾಗಿದ್ದವರು, ಯಾವ ಕಾಗದ ಕೇಳಬೇಕು ಎಂದು ಗೊತ್ತಿತ್ತು. ಉತ್ತರ ಬಂದ ಮೇಲೆ ಅದನ್ನೇ ಹಿಡಿದು ಮುಂದಿನ ಸಭೆಯಲ್ಲಿ ನಿಂತು ಓದಿದರು. ಬೈಗುಳ ಇಲ್ಲ, ಭಾಷಣ ಇಲ್ಲ, ತಾರೀಕು ಮತ್ತು ಮೊತ್ತ ಅಷ್ಟೇ. ಮಳೆಗಾಲಕ್ಕೆ ಮೊದಲು ಸಂಕ ಆಯಿತು. ಕಬ್ಬಿಣದ ಕೈಹಿಡಿ ಇದೆ, ಮಕ್ಕಳು ಹಿಡಿದುಕೊಂಡು ದಾಟುತ್ತವೆ.

ನಿಮ್ಮ ಅಪ್ಪಯ್ಯ ಲೋಕೋಪಯೋಗಿಯವರು. ಎಸ್ಟಿಮೇಟ್ ಓದಲು ಬರುವ ಒಬ್ಬ ಮನುಷ್ಯ ಊರಿಗೆ ಸಿಕ್ಕರೆ ಅದು ಎಷ್ಟು ದೊಡ್ಡದು ಎಂದು ನಿಮಗೆ ಗೊತ್ತಿಲ್ಲ.

ಕೇಳಿದವಳು:

ಅಲ್ಲೂ ಜಗಳ ಮಾಡಿಕೊಂಡು ಬಂದರೆ? ಊರಲ್ಲೇ ಇರಬೇಕಾದವರು. ಅಮ್ಮನಿಗೆ ಅದೇ ಭಯ.

ಕೃಷಿಕ:

ಮೊದಲ ಸಭೆಯಲ್ಲಿ ಮಾತಾಡಬೇಡಿ, ಸುಮ್ನೆ ಬರೆದುಕೊಂಡು ಬನ್ನಿ ಎಂದು ಹೇಳಿ. ಎರಡನೇ ಸಭೆಗೆ ಒಂದೇ ಒಂದು ವಿಷಯ. ಒಬ್ಬರೇ ಹೋಗುವುದು ಬೇಡ, ಕೇರಿಯ ಹೆಂಗಸರು ಇಬ್ಬರು ಮೂವರು ಜೊತೆಗಿರಲಿ. ನೀರು, ದಾರಿ, ಶಾಲೆ ಯಾವುದು ಸರಿ ಇಲ್ಲ ಎಂದು ಅವರಿಗೇ ಹೆಚ್ಚು ಗೊತ್ತು.

ಕೇಳಿದವಳು, ಸಂಕ್ರಾಂತಿ ಕಳೆದ ಮೇಲೆ:

ಎಲ್ಲರಿಗೂ ಹೇಳಲೇಬೇಕು ಅನ್ನಿಸಿತು. ರಜೆಗೆ ಊರಿಗೆ ಹೋಗಿದ್ದೆ. ಅಡಿಕೆ ಬೇಯಿಸಿ ಒಣಗಿಸಿ ಆಗಿತ್ತು, ಆರಿಸುವ ಕೆಲಸ ಬಾಕಿ ಇತ್ತು. ಮೇಷ್ಟ್ರ ಮಾತು ನೆನಪಾಯಿತು. ಅಕ್ಕನಿಗೆ ಫೋನ್ ಮಾಡಿ, ಆರಿಸಲು ಜನ ಬೇಕು, ಭಾವನನ್ನೂ ಕರೆದುಕೊಂಡು ಬಾ ಎಂದೆ. ಬಂದರು.

ಜಗಲಿಯಲ್ಲಿ ಚಾಪೆ ಹಾಕಿ ರಾಶಿ ಸುರಿದೆವು. ಅಡಿಕೆಯ ತರ ನೋಡಿ ಬೇರೆ ಮಾಡಬೇಕು, ಬೆಟ್ಟೆ ಒಂದು ಕಡೆ, ಗೊರಬಲು ಒಂದು ಕಡೆ. ಭಾವ ಘಟ್ಟದ ಕೆಳಗಿನವರು, ಅವರಿಗೆ ಗೊತ್ತಾಗುವುದಿಲ್ಲ. ಅಪ್ಪಯ್ಯ ಒಂದೊಂದೇ ಅಡಿಕೆ ತೆಗೆದು ಅವರ ಅಂಗೈಗೆ ಹಾಕಿ ತೋರಿಸಿದರು. ನಾನು ಮೊದಲ ಮೋರಿಯ ಬಗ್ಗೆ ಕೇಳಿದೆ. ಅಪ್ಪಯ್ಯ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು. ಸಿಮೆಂಟು ಕಡಿಮೆ ಹಾಕಿದ್ದ ಒಂದು ಕೆಲಸಕ್ಕೆ ಸಹಿ ಹಾಕದೆ ಇದ್ದದ್ದು, ತಿಂಗಳೊಳಗೆ ದೂರದ ಊರಿಗೆ ವರ್ಗ ಆದದ್ದು. ಆಗ ನಾನು ಒಂದನೇ ಕ್ಲಾಸು. ನಾವು ಯಾಕೆ ಶಾಲೆ ಬದಲಿಸಿದೆವು ಎಂದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಭಾವ ಆರಿಸುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಸಂಜೆಗೆ ಚುನಾವಣೆಯ ಮಾತು ಮತ್ತೆ ಬಂತು. ಇಬ್ಬರ ದನಿಯೂ ಏರಿತು. ಅಮ್ಮ ಕಾಫಿ ತಂದಳು. ಇನ್ನೂ ಅರ್ಧ ರಾಶಿ ಬಾಕಿ ಇತ್ತು, ಯಾರೂ ಏಳಲಿಲ್ಲ.