ಶಿರಾಡಿ ಘಾಟಿಯಲ್ಲಿ ಇಂಜಿನ್ ಕಾದಾಗ ನಾವು ಮಾಡಿದ್ದು

ಏರಿನಲ್ಲಿ ಕಾರಿನ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಗುತ್ತೆ, ಮನೆಯವರನ್ನೆಲ್ಲ ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಟಿದ್ದೇವೆ, ದಾರಿಯಲ್ಲಿ ಕೈಕೊಟ್ಟರೆ ಏನು ಮಾಡಲಿ ಅಂತ ಕೇಳಿದ್ದೀರಿ. ನಮಗೆ ಅದೇ ದಾರಿಯಲ್ಲಿ ಹೀಗಾಗಿತ್ತು.

ಏಪ್ರಿಲ್ ತಿಂಗಳ ಮಧ್ಯಾಹ್ನ. ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೆವು. ಮುಂದೆ ಟ್ಯಾಂಕರ್‌ಗಳ ಸಾಲು. ಎರಡನೇ ಗೇರ್ ದಾಟುವಂತಿಲ್ಲ, ಏಸಿ ಬೇರೆ ಓಡುತ್ತಿತ್ತು. ಯಾವಾಗಲೂ ಅರ್ಧಕ್ಕೆ ನಿಲ್ಲುವ ಮುಳ್ಳು ಮೆಲ್ಲಗೆ ಏರತೊಡಗಿತು. ಏಸಿ ಆಫ್ ಮಾಡಿ, ಕಿಟಕಿ ಇಳಿಸಿ, ಹೀಟರ್ ಪೂರ್ತಿ ಹಾಕಿದೆ. ಆ ಸೆಕೆಯಲ್ಲಿ ಹೀಟರ್ ಅಂದರೆ ಹಿಂಸೆ, ಆದರೆ ಇಂಜಿನ್ನಿನ ಬಿಸಿಯನ್ನು ಸ್ವಲ್ಪ ಎಳೆದುಕೊಳ್ಳುತ್ತೆ. ನಿಲ್ಲಿಸಲು ಜಾಗ ಸಿಗುವವರೆಗೆ ಅಷ್ಟು ಸಾಕು. ಮುಳ್ಳು ಕೆಂಪು ಮುಟ್ಟಿದರೆ, ಹಬೆ ಕಂಡರೆ, ಇನ್ನೊಂದು ತಿರುವು ಹೋಗೋಣ ಅನ್ನಬೇಡಿ. ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿ. ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ನಿನ ಮೇಲ್ಭಾಗ ಮತ್ತು ಕೆಳಭಾಗದ ನಡುವಿನ ಸೀಲ್, ಹೋದರೆ ಖರ್ಚು ತುಂಬಾ ಜಾಸ್ತಿ.

ನಿಲ್ಲಿಸಿದ ಕೂಡಲೇ ನಮ್ಮ ಭಾವ ಟವೆಲ್ ಸುತ್ತಿಕೊಂಡು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದರು. ಅವರ ಕೈ ಹಿಡಿದು ಎಳೆದೆ. ದಯವಿಟ್ಟು ಇದೊಂದನ್ನು ಮರೆಯಬೇಡಿ. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತೆ. ಮುಚ್ಚಳ ಸಡಿಲವಾದರೆ ಒಮ್ಮೆಗೇ ಉಕ್ಕಿ ಮುಖಕ್ಕೆ ಹಾರುತ್ತೆ. ಟವೆಲ್ ಏನೂ ತಡೆಯುವುದಿಲ್ಲ. ಕಾದ ಇಂಜಿನ್ ಮೇಲೆ ತಣ್ಣೀರನ್ನೂ ಸುರಿಯಬೇಡಿ, ಲೋಹ ಬಿರುಕು ಬಿಡಬಹುದು.

ಮುಕ್ಕಾಲು ಗಂಟೆ ಸುಮ್ನೆ ಕೂತೆವು. ಆಮೇಲೆ ರೇಡಿಯೇಟರ್‌ನ ಮೇಲಿನ ದಪ್ಪ ಪೈಪ್ ಹಿಂಡಿ ನೋಡಿದೆ. ತಣ್ಣಗೆ, ಮೆತ್ತಗೆ ಆಗಿತ್ತು. ಆಗ ಮುಚ್ಚಳ ತೆಗೆದೆ. ಕೆಳಗಿನ ಪೈಪಿನ ಕ್ಲಿಪ್ ಸಡಿಲವಾಗಿ ಸುತ್ತ ಕೂಲಂಟಿನ (ಇಂಜಿನ್ ತಣ್ಣಗಿಡುವ ದ್ರವದ) ಹಸಿರು ಕಲೆ ಒಣಗಿ ಅಂಟಿತ್ತು. ಸ್ಕ್ರೂಡ್ರೈವರ್‌ನಿಂದ ಬಿಗಿ ಮಾಡಿ, ಕುಡಿಯಲು ಇಟ್ಟಿದ್ದ ಎರಡು ಬಾಟಲಿ ನೀರು ಹಾಕಿ, ಮುಳ್ಳಿನ ಮೇಲೇ ಕಣ್ಣಿಟ್ಟು ಸಕಲೇಶಪುರ ಸೇರಿದೆವು. ಅಲ್ಲಿ ಮೆಕ್ಯಾನಿಕ್ ಹೊಸ ಕ್ಲಿಪ್ ಹಾಕಿ, ನೀರು ಇಳಿಸಿ ಕೂಲಂಟ್ ತುಂಬಿಸಿದರು.

ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಕಾದರೆ ಮೊದಲು ಫ್ಯಾನ್ ನೋಡಿಸಬೇಕು. ನಿಮ್ಮದು ಏರಿನಲ್ಲಿ ಅಲ್ವಾ? ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ಹೊರಡುವ ಮುಂಚೆಯೇ ತೋರಿಸಿ. ನಾಳೆ ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ಕೂಲಂಟ್ ಡಬ್ಬಿಯಲ್ಲಿ ಮಟ್ಟ ಎರಡು ಗೆರೆಗಳ ನಡುವೆ ಇದೆಯಾ ನೋಡಿ. ಎಲ್ಲೂ ಸೋರದೆ ಕಮ್ಮಿಯಾಗುತ್ತಿದ್ದರೆ, ಆಯಿಲ್ ಮುಚ್ಚಳದ ಒಳಗೆ ಹಾಲು ಕಾಫಿ ಬಣ್ಣ ಕಂಡರೆ, ಗ್ಯಾಸ್ಕೆಟ್ ಪರೀಕ್ಷೆ ಆಗುವವರೆಗೆ ಆ ಕಾರು ಒಯ್ಯಬೇಡಿ. ಕೂಲಂಟ್ ಕೊನೆಯ ಸಲ ಯಾವಾಗ ಬದಲಾಯಿಸಿದ್ದು?