ಓದುಗರ ಸ್ಪಂದನ: ಮಾವನವರಿಗೆ ಕಾಣುವ ಮಕ್ಕಳು

ಪಾರ್ಕಿನ್ಸನ್ ಎಂಬ ನಡುಕದ ನರರೋಗ ಇರುವ ಮಾವನವರು, ಯಾರೂ ಇಲ್ಲದಿದ್ದರೂ 'ಜಗಲಿ ಮೇಲೆ ಮಕ್ಕಳು ಕೂತಿದ್ದಾರೆ' ಎನ್ನುತ್ತಾರೆ. ಇಲ್ಲ ಎನ್ನಬೇಕೋ, ಹೂಂ ಎನ್ನಬೇಕೋ ಎಂದು ಮಂಡ್ಯದ ಸೊಸೆಯೊಬ್ಬರು ಕಳೆದ ಸಂಚಿಕೆಯಲ್ಲಿ ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ತಾಯಿ, ನಿಮ್ಮ ಪತ್ರ ಓದಿ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ನಮ್ಮ ಯಜಮಾನರಿಗೂ ಮೊದಲು ಬಂದದ್ದು ಕೈನಡುಕ. ಎಷ್ಟೋ ವರ್ಷ ಬುದ್ಧಿ ಚುರುಕಾಗೇ ಇತ್ತು. ಆಮೇಲೆ ಬ್ಯಾಂಕಿನ ಚಲನ್ ತುಂಬೋದು ಕಷ್ಟವಾಯಿತು. ಹಳೇ ಶಿಷ್ಯರ ಹೆಸರೆಲ್ಲ ನೆನಪಿತ್ತು. ಅಂಗಿ ಮೊದಲೋ ಬನಿಯನ್ನು ಮೊದಲೋ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಸರಿಯಾಗಿದ್ದವರು ಸಂಜೆಗೆ ಬೇರೆಯೇ ಆಗಿಬಿಡುತ್ತಿದ್ದರು. ಅದಕ್ಕೇ ನೆಂಟರು 'ಬೇಕಂತ ಮಾಡ್ತಾರೆ' ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಒಮ್ಮೆ ನನ್ನನ್ನೇ ನೋಡಿ, 'ಯಾರಮ್ಮಾ ನೀವು? ನಮ್ಮ ಮನೆಯವಳು ಬರೋ ಹೊತ್ತಾಯಿತು, ಹೊರಡಿ' ಅಂದರು. 'ಬರ್ತಾರೆ, ಅಲ್ಲೀವರೆಗೆ ಹಾಲು ಕುಡೀರಿ' ಅಂದೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದರು.

ರಾತ್ರಿ ಕೂಗಾಟಕ್ಕೆಂದು ಒಬ್ಬ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಮೈ ಮರಗಟ್ಟಿತು, ತುತ್ತು ಇಳಿಯಲಿಲ್ಲ. ಅದು ಹ್ಯಾಲೋಪೆರಿಡಾಲ್, ಪಾರ್ಕಿನ್ಸನ್ ಇರುವವರಿಗೆ ಕೊಡಬಾರದು ಅಂತ ನರರೋಗ ತಜ್ಞರು ಹೇಳಿದ ಮೇಲೇ ಗೊತ್ತಾದದ್ದು. ಯಾರೇ ಹೊಸ ಮಾತ್ರೆ ಬರೆದರೂ, ಇವರಿಗೆ ಪಾರ್ಕಿನ್ಸನ್ ಇದೆ ಅಂತ ಮೊದಲೇ ಹೇಳಿ, ತಾಯಿ.
– ಸರಸ್ವತಿಪುರಂ, ಮೈಸೂರು

ಮಾವನವರ ವಿಷಯ ಹಾಗಿರಲಿ. ನಿಮ್ಮ ಗಂಡ, ಮೈದುನ ಏನು ಮಾಡ್ತಿದ್ದಾರೆ? ಪತ್ರದಲ್ಲಿ ಅವರ ಸುದ್ದಿಯೇ ಇಲ್ಲ.
– ಪಾಂಡವಪುರ

ಮಾತು ಖಾರವಾಗಿದೆ. ಇದನ್ನೇ ಮೆತ್ತಗೆ ಕೇಳಿದವರು ಇನ್ನೂ ಹಲವರಿದ್ದಾರೆ.

ನಮ್ಮದು ಮೆಡಿಕಲ್ ಸ್ಟೋರ್. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡಿ. ಬೇಳೆ, ಮೊಟ್ಟೆ ಜೊತೆ ಕೊಟ್ಟರೆ ಸರಿಯಾಗಿ ಹಿಡಿಯಲ್ಲ. ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್ ತಗೊಳ್ತಿದ್ದಾರಾ ನೋಡಿ. ವಯಸ್ಸಾದವರಿಗೆ ಅದರಿಂದ ಮರೆವು, ಭ್ರಮೆ ಜಾಸ್ತಿಯಾಗಬಹುದು. ಡಾಕ್ಟರನ್ನು ಕೇಳಿ, ನೀವಾಗಿ ನಿಲ್ಲಿಸಬೇಡಿ.
– ಶ್ರೀರಂಗಪಟ್ಟಣ

ಕೇಳಿದ ಪ್ರಶ್ನೆಗೇ ನೇರವಾಗಿ ಉತ್ತರಿಸಿದ ಪತ್ರ ಇದು.

ಸುಳ್ಳೂ ಬೇಡ, ಜಗಳವೂ ಬೇಡ. 'ನನಗೆ ಕಾಣ್ತಿಲ್ಲ ಮಾವ. ಅವರೇನೂ ತೊಂದರೆ ಕೊಡ್ತಿಲ್ಲ ಅಲ್ವಾ?' ಅಂತ ಕೇಳಿ. ಮುಸ್ಸಂಜೆಗೆ ಮೊದಲೇ ದೀಪ ಹಾಕಿ. ಕುರ್ಚಿ ಮೇಲೆ ಒಗೆದ ಬಟ್ಟೆ ಬಿಡಬೇಡಿ. ನಮ್ಮಪ್ಪನಿಗೆ ಅಲ್ಲಿ ಬಿಟ್ಟ ಪಂಚೆಯೇ ಆಳಾಗಿ ಕಾಣುತ್ತಿತ್ತು.
– ಕೆ.ಆರ್. ಪೇಟೆ

ಗೊಂದಲ ಒಂದೆರಡು ದಿನದಲ್ಲೇ ದಿಢೀರ್ ಜಾಸ್ತಿಯಾದರೆ ಮೂತ್ರದ ಸೋಂಕೂ ಕಾರಣವಿರಬಹುದು, ತಡಮಾಡದೆ ತೋರಿಸಿ. ಪಾರ್ಕಿನ್ಸನ್ ಜೊತೆ ಬರುವ ಮರೆವಿಗೆ ರಿವಾಸ್ಟಿಗ್ಮಿನ್ ಎಂಬ ಔಷಧಿಯಿದೆ. ಪೂರ್ತಿ ವಾಸಿಮಾಡದಿದ್ದರೂ ಕೆಲವರಿಗೆ ಅನುಕೂಲವಾಗುತ್ತದೆ. ಮಂಡ್ಯದ ಸೋದರಿ, ಇದನ್ನೆಲ್ಲ ನರರೋಗ ತಜ್ಞರ ಹತ್ತಿರ ಕೇಳಲು ಈ ಸಲ ಮಾವನವರನ್ನು ಅವರ ಮಕ್ಕಳೇ ಕರೆದುಕೊಂಡು ಹೋಗಲಿ.