ಮಾರಮ್ಮನ ಗುಡಿಯಲ್ಲಿ ಸಪ್ತಶತಿ ಪಾರಾಯಣ: ಹಳೇ ಪದ್ಧತಿ ಬಿಡಬೇಕಾ?

ಕೆರೆಬೀದಿ, ಮಂಡ್ಯ:
ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯ ಮಾರಮ್ಮನಿಗೆ ಗುಡ್ಡಪ್ಪನವರ ಮನೆತನದ ಪೂಜೆ. ತಂಬಿಟ್ಟಿನ ಆರತಿ, ಹೆಣ್ಣುಮಕ್ಕಳ ಸೋಬಾನೆ ಪದ, ಅಷ್ಟೇ. ಸಂಸ್ಕೃತ ಮಂತ್ರ ಇಲ್ಲ. ಈ ಸಲ ನವರಾತ್ರಿಗೆ ಸಪ್ತಶತಿ (ದೇವಿಯ ಮಹಿಮೆ ಹೇಳುವ 13 ಅಧ್ಯಾಯ, 700 ಮಂತ್ರದ ಸಂಸ್ಕೃತ ಗ್ರಂಥ) ಪಾರಾಯಣ, ಕೊನೇ ದಿನ ಚಂಡಿಕಾ ಹೋಮ ಇಡೋಣ ಅಂತ ಊರ ಯಜಮಾನರು ಹೇಳ್ತಿದ್ದಾರೆ. ಒಂಬತ್ತು ದಿನಕ್ಕೆ ಅಧ್ಯಾಯ ಹಂಚೋದು ಹೇಗೆ? ಹೋಮಕ್ಕೆ ಪಾಯಸ ಎಷ್ಟು ಬೇಕು? ಗ್ರಂಥ ಬಂದ ಮೇಲೆ ಹಳೇ ಪದ್ಧತಿ ಬಿಡಬೇಕು ಅಂತ ಕೆಲವರ ವಾದ. ಅದು ಸರಿಯಾ?

ಅಗ್ರಹಾರ, ಮೈಸೂರು:
ಖಂಡಿತ ಬಿಡಬೇಡಿ. 13ನೇ ಅಧ್ಯಾಯ ತೆಗೆದು ನೋಡಿ. ರಾಜ್ಯ ಕಳೆದುಕೊಂಡ ಸುರಥ, ಮನೆಯಿಂದ ಹೊರಬಿದ್ದ ವ್ಯಾಪಾರಿ ಸಮಾಧಿ, ಇಬ್ಬರೂ ನದೀತೀರದಲ್ಲಿ ಮಣ್ಣಿನ ಮೂರ್ತಿ ಮಾಡಿ ಹೂವು, ಧೂಪ ಇಟ್ಟು ಪೂಜಿಸಿದರು, ದೇವಿಯ ಸ್ತುತಿಯಾದ ದೇವೀಸೂಕ್ತ ಜಪಿಸಿದರು. ಮೂರು ವರ್ಷ ಹೀಗೆ ನಡೆದ ಮೇಲೆ ತಾಯಿ ಪ್ರತ್ಯಕ್ಷಳಾದಳು. ಕೈಯಲ್ಲಿ ಮಾಡುವ ಪೂಜೆ, ಬಾಯಲ್ಲಿ ಹೇಳುವ ಸೂಕ್ತ ಎರಡೂ ಅಲ್ಲಿ ಜೊತೆಗೇ ಇವೆ.

ನಮ್ಮ ಚಾಮುಂಡಿ ಬೆಟ್ಟವನ್ನೇ ನೋಡಿ. ಮಹಿಷ ಸತ್ತದ್ದು 3ನೇ ಅಧ್ಯಾಯದಲ್ಲಿ. ಚಂಡಮುಂಡರ ತಲೆ ತಂದ ಕಾಳಿಗೆ ‘ಚಾಮುಂಡಾ’ ಅಂತ ಹೆಸರು ಬಂದದ್ದು 7ರ ಕೊನೆಯಲ್ಲಿ. ಗ್ರಂಥ ಬೇರೆ ಬೇರೆ ಕಡೆ ಹೇಳಿದ್ದನ್ನು ಈ ನೆಲ ಒಬ್ಬಳೇ ತಾಯಿಯಲ್ಲಿ ಕಂಡಿದೆ.

ಹಂಚಿಕೆ ಹೀಗೆ: ಮೊದಲ ದಿನ 1, ಎರಡನೇ ದಿನ 2ರಿಂದ 4, ಮೂರನೇ ದಿನ 5 ಮತ್ತು 6, ಆಮೇಲೆ 7, 8, 9–10, 11, 12, 13. ಶುರುವಿಗೆ ಕವಚ, ಅರ್ಗಳ, ಕೀಲಕ ಅನ್ನೋ ಅಂಗಸ್ತೋತ್ರಗಳು ಇದ್ದೇ ಇರಲಿ. ನವಾರ್ಣ, ಅಂದರೆ ದೇವಿಯ ಒಂಬತ್ತಕ್ಷರದ ಮಂತ್ರದ ಜಪ ಮಾತ್ರ ಗುರುವಿನಿಂದ ಉಪದೇಶ ಆದವರಿಗೆ. ಗ್ರಂಥದಲ್ಲಿ ಚರಿತೆ ಅನ್ನೋ ಮೂರು ಭಾಗಗಳಿವೆ. ಒಂದೇ ದಿನ ಬಿಡುವಿರುವವರು ನಡುವಿನ ಮಧ್ಯಮ ಚರಿತೆ, ಅಂದರೆ 2ರಿಂದ 4ರವರೆಗಿನ 155 ಮಂತ್ರ, ಪೂರ್ತಿ ಓದಬಹುದು. ಉಳಿದೆರಡು ಚರಿತೆಗಳನ್ನು ಬಿಡಿಯಾಗಿ ಓದಬಾರದು, ಚರಿತೆಯನ್ನು ಅರ್ಧಕ್ಕೆ ನಿಲ್ಲಿಸಲೂಬಾರದು ಅಂತ ಸಪ್ತಶತಿಯ ಕೊನೆಗೆ ಓದುವ ವೈಕೃತಿಕ ರಹಸ್ಯದಲ್ಲೇ ಇದೆ. ನಿಮ್ಮದು ಒಂಬತ್ತು ದಿನದ ಒಂದೇ ಸಂಕಲ್ಪ ಆದ್ದರಿಂದ ಅಧ್ಯಾಯದ ಕೊನೆಗೆ ನಿಲ್ಲಿಸಬಹುದು.

ಓದುವವರ ನಾಲಿಗೆ ಪಳಗಿರಲಿ. ಕವಚದಲ್ಲಿ ‘ಭಾರ್ಯಾಂ ರಕ್ಷತು ಭೈರವೀ’ ಅಂತ ಬರುತ್ತೆ. ಅವಸರದಲ್ಲಿ ‘ರಕ್ಷತು’ ಹೋಗಿ ‘ಭಕ್ಷತು’ ಆದರೆ ‘ಕಾಪಾಡಲಿ’ ಅನ್ನೋದು ‘ತಿನ್ನಲಿ’ ಆಗುತ್ತೆ. ಬೇಗ ಓದುವವರು, ರಾಗ ಎಳೆಯುವವರು, ತಲೆ ಆಡಿಸುವವರು, ಅರ್ಥ ತಿಳಿಯದವರು ಪಾಠಕರಲ್ಲಿ ಕೀಳು ಅಂತ ಉಚ್ಚಾರಣೆಯ ನಿಯಮ ಹೇಳುವ ಶಿಕ್ಷಾಶಾಸ್ತ್ರ ಸುಮ್ಮನೆ ಹೇಳಿಲ್ಲ.

ಗಂಜಾಂ, ಶ್ರೀರಂಗಪಟ್ಟಣ:
ಹೋಮದ ಲೆಕ್ಕ ನಾನು ಹೇಳ್ತೀನಿ. 700 ಮಂತ್ರಕ್ಕೆ 700 ಆಹುತಿ. ಒಂದೊಂದಕ್ಕೆ ಅಡಿಕೆ ಗಾತ್ರ, 5–6 ಗ್ರಾಂ ಅಂತ ಇಟ್ಟರೂ 4 ಕೆಜಿ ಪಾಯಸ ಬೇಕು. 1 ಕೆಜಿ ಅಕ್ಕಿ, 2 ಲೀಟರ್ ಹಾಲು, 1 ಕೆಜಿ ಬೆಲ್ಲ, ಬೇಯಲು ಬೇಕಾದಷ್ಟು ನೀರು ಸಾಕು. ಸೌಟು ಮಗುಚಿದರೂ ಬೀಳದಷ್ಟು ಗಟ್ಟಿಯಾಗಿ, ಹಿಂದಿನ ರಾತ್ರಿ ಅಲ್ಲ, ಅವತ್ತೇ ಬೆಳಿಗ್ಗೆ ಮಾಡಿ ಆರಲು ಬಿಡಿ. ನೀರಾದರೆ ಬೆಂಕಿ ನಂದಿ ಗುಡಿಯೆಲ್ಲ ಹೊಗೆ. ತುಪ್ಪ 2 ಕೆಜಿ ಇರಲಿ.

ಎಣಿಕೆ ತಪ್ಪೋದು 5ನೇ ಅಧ್ಯಾಯದಲ್ಲಿ. ‘ಯಾ ದೇವೀ ಸರ್ವಭೂತೇಷು’ ಶ್ಲೋಕಗಳು 21. ಕೊನೆಯ ‘ನಮಸ್ತಸ್ಯೈ’ಗಳನ್ನು ಒಡೆದು ಪ್ರತಿ ಶ್ಲೋಕವನ್ನು ಮೂರು ಮಂತ್ರ ಅಂತ ಎಣಿಸಬೇಕು, ಒಟ್ಟು 63. ಶ್ಲೋಕಕ್ಕೊಂದೇ ಆಹುತಿ ಹಾಕಿದರೆ 42 ಕಮ್ಮಿ ಬೀಳುತ್ತೆ. ‘ಋಷಿರುವಾಚ’ದಂಥ, ಮಾತಾಡಿದ್ದು ಯಾರು ಅಂತ ಹೇಳುವ ಸಾಲೂ ಮಂತ್ರವೇ, ಅದಕ್ಕೂ ಆಹುತಿ ಉಂಟು. ಒಬ್ಬರು ಪುಸ್ತಕ ಹಿಡಿದು ಸಂಖ್ಯೆ ಕೂಗಲಿ. ಓದುವವರೇ ಎಣಿಸಲು ಹೋಗಬೇಡಿ.

ಕೆರೆಬೀದಿ, ಮಂಡ್ಯ:
ತುಂಬಾ ಉಪಕಾರ ಆಯ್ತು. ಗುಡ್ಡಪ್ಪನವರ ಆರತಿ ಯಾವಾಗ? ಹೋಮದ ದಿನ ಬಲಿಗೆ ಏನು ಮಾಡೋದು?

ಅಗ್ರಹಾರ, ಮೈಸೂರು:
ಅಧ್ಯಾಯದ ನಡುವೆ ಗಂಟೆ, ತಮಟೆ ಬೇಡ. ಓದು ಕಡಿದರೆ ಆ ಅಧ್ಯಾಯ ಮೊದಲಿಂದ ಓದಬೇಕು. ಸಂಜೆ 5ಕ್ಕೆ ಶುರು ಮಾಡಿ. 104 ಮಂತ್ರದ ಮೊದಲನೇ ದಿನ ಅಂಗಸ್ತೋತ್ರಗಳೂ ಸೇರಿ ಒಂದು ಗಂಟೆ ಹಿಡಿಯುತ್ತೆ. ಮುಗಿದ ಮೇಲೆ ಪುಸ್ತಕವನ್ನು ವ್ಯಾಸಪೀಠದಲ್ಲೇ ಬಿಟ್ಟು ಓದಿದವರು ಎದ್ದು ಪಕ್ಕಕ್ಕೆ ನಿಲ್ಲಲಿ. ಆಮೇಲೆ ತಂಬಿಟ್ಟು, ಸೋಬಾನೆ. ಮಂಗಳಾರತಿ ಗುಡ್ಡಪ್ಪನವರದೇ, ತೀರ್ಥವೂ ಅವರ ಕೈಯಿಂದಲೇ ಆಗಲಿ.

ಬಲಿಗೆ ಬೂದುಗುಂಬಳ. ಮೇಲ್ಗಡೆ ಚಿಕ್ಕ ಮುಚ್ಚಳದ ಹಾಗೆ ಕೊಯ್ದು ಒಳಗೆ ಕುಂಕುಮ ತುಂಬಿ, ಪೂರ್ಣಾಹುತಿಗೆ ಮುಂಚೆ ಗುಡಿಯ ಹೊರಗೆ ಒಂದೇ ಏಟಿಗೆ ಎರಡು ಹೋಳು ಮಾಡಿ. ಹೋಳುಗಳನ್ನು ಆಗಲೇ ಎತ್ತಿ ಮರದ ಬುಡಕ್ಕೆ ಹಾಕಿಸಿ. ರಸ್ತೆಯಲ್ಲಿ ಬಿಟ್ಟರೆ ರಾತ್ರಿ ಬರುವ ಬೈಕ್ ಜಾರುತ್ತೆ.